ಅಂಗೈ ಅಗಲದ ಪೈನ್ ಮರ: ಬೆಂಗಳೂರಿನ ಮನೆಗಳಲ್ಲಿ ಪೈನ್ ಬೋನ್ಸಾಯ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತಾರಸಿಯಲ್ಲಿ ಹನ್ನೊಂದು ಪೈನ್ ಕುಂಡಗಳಿವೆ. ಎಲ್ಲಕ್ಕಿಂತ ದೊಡ್ಡದು ಒಂದು ಅಡಿ ದಾಟಿಲ್ಲ. ಚಿಕ್ಕದು ಕಾಫಿ ಲೋಟದಷ್ಟಿದೆ. ನೋಡಲು ಬಂದವರು ಅಲ್ಲೇ ನಿಂತು ಕೇಳುವ ಪ್ರಶ್ನೆಗಳು ಕೆಲವು. ಗಿಡ ಮನೆಗೆ ಒಯ್ದವರು ಎರಡು ತಿಂಗಳ ಮೇಲೆ ಫೋನ್ ಮಾಡಿ ಕೇಳುವಂಥವು ಇನ್ನು ಕೆಲವು. ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ಇದು ನಿಜವಾದ ಪೈನ್ ಮರವೇ, ಅಥವಾ ಹುಟ್ಟಾ ಕುಳ್ಳಗಿರುವ ಬೇರೆ ಜಾತಿಯಾ?

ನಿಜವಾದ ಪೈನ್. ಜಪಾನಿನ ಕಪ್ಪು ಪೈನ್ ನೆಲದಲ್ಲಿ ನೆಟ್ಟರೆ ಮೂವತ್ತು ಮೀಟರ್ ಬೆಳೆಯಬಲ್ಲದು. ಅದೇ ಮರ ಕುಂಡದಲ್ಲಿ ಒಂದು ಗೇಣು ಇರುತ್ತದೆ. ಬೀಜ ಒಂದೇ. "ಬೋನ್ಸಾಯ್ ಬೀಜ" ಅಂತ ಆನ್‌ಲೈನ್‌ನಲ್ಲಿ ಪೊಟ್ಟಣ ಮಾರುತ್ತಾರಲ್ಲ, ಅಂಥದ್ದೊಂದು ಬೀಜವೇ ಇಲ್ಲ. ಮರವನ್ನು ಬೋನ್ಸಾಯ್ ಮಾಡುವುದು ಕೈ, ಬೀಜ ಅಲ್ಲ.

ಹಾಗಾದರೆ ಅಷ್ಟು ಚಿಕ್ಕದಾಗಿ ಉಳಿಯುವುದು ಹೇಗೆ? ಗಿಡವನ್ನು ಹಸಿವಲ್ಲಿ ಇಟ್ಟು ಹಿಂಸೆ ಕೊಡುವುದಲ್ವಾ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಗೌರವ ಇದೆ. ಗಿಡಕ್ಕೂ ನೋವಿದೆ ಅಂತ ಯೋಚಿಸುವವರೇ ಇದನ್ನು ಕೇಳುವುದು.

ಹಸಿವಲ್ಲಿಟ್ಟ ಪೈನ್ ಚಿಕ್ಕದಾಗುವುದಿಲ್ಲ, ಸಾಯುತ್ತದೆ. ಚಿಕ್ಕದಾಗಿ ಉಳಿಯುವುದಕ್ಕೆ ಕಾರಣ ಎರಡು. ಬೇರು ಹರಡುವ ಜಾಗಕ್ಕೆ ಮಿತಿ ಇದೆ, ಆ ಬೇರನ್ನು ಕೆಲವು ವರ್ಷಕ್ಕೊಮ್ಮೆ ಕತ್ತರಿಸುತ್ತೇವೆ. ಮೇಲೆ ಬರುವ ಚಿಗುರನ್ನು ಕಾಲಕ್ಕೆ ಸರಿಯಾಗಿ ತೆಗೆಯುತ್ತೇವೆ. ಇಷ್ಟೇ. ನೀರು, ಬಿಸಿಲು, ಗೊಬ್ಬರ ಯಾವುದಕ್ಕೂ ಕೊರತೆ ಮಾಡುವುದಿಲ್ಲ. ಕೊರತೆ ಆದ ಗಿಡ ಕತ್ತರಿಯ ಪೆಟ್ಟನ್ನು ತಡೆಯುವುದಿಲ್ಲ. ಚಿಗುರು ತೆಗೆದ ಮೇಲೆ ಮತ್ತೆ ಒಡೆಯಬೇಕಾದರೆ ಮರದಲ್ಲಿ ಶಕ್ತಿ ತುಂಬಿರಬೇಕು. ಅದಕ್ಕೇ ಬೋನ್ಸಾಯ್ ಬೆಳೆಸುವವರು ಕತ್ತರಿಗಿಂತ ಜಾಸ್ತಿ ಹೊತ್ತು ನೀರಿನ ಡಬ್ಬ ಹಿಡಿದಿರುತ್ತಾರೆ.

ಚೆನ್ನಾಗಿ ನೋಡಿಕೊಂಡ ಕುಂಡದ ಪೈನ್ ನಮ್ಮ ಆಯಸ್ಸನ್ನು ಮೀರಿ ಬದುಕುತ್ತದೆ. ಹಿಂಸೆ ಪಟ್ಟ ಗಿಡ ಹಾಗೆ ಬದುಕುತ್ತದಾ?

ಇದರಲ್ಲಿ ಅಂಥ ಆಕರ್ಷಣೆ ಏನಿದೆ?

ಎದುರಿಗೆ ಕುಳಿತು ನೋಡಿ. ನಿಂತು ಅಲ್ಲ, ಕುಳಿತು. ಕಣ್ಣು ಕಾಂಡದ ಮಟ್ಟಕ್ಕೆ ಬರಬೇಕು. ಸ್ವಲ್ಪ ಹೊತ್ತಿಗೆ ಕುಂಡ ಮರೆತುಹೋಗುತ್ತದೆ. ನೀವು ಒಂದು ದೊಡ್ಡ ಮರದ ಬುಡದಲ್ಲಿ ಇದ್ದೀರಿ ಅನ್ನಿಸುತ್ತದೆ.

ಮಾಗಡಿ ಕಡೆ ಸಾವನದುರ್ಗ ಹತ್ತಿದವರು ನೋಡಿರುತ್ತೀರಿ. ಬಂಡೆಯ ಬಿರುಕಿನಲ್ಲಿ ಒಂದೊಂದು ಮರ ಕಚ್ಚಿಕೊಂಡಿರುತ್ತದೆ. ಅದಕ್ಕೆ ಸಿಕ್ಕಿರುವುದು ಒಂದು ಹಿಡಿ ಮಣ್ಣು, ಇಡೀ ದಿನ ಗಾಳಿ. ಆಳೆತ್ತರ ಕೂಡ ಬೆಳೆದಿರುವುದಿಲ್ಲ. ಆದರೆ ಕಾಂಡ ನೋಡಿದರೆ ರಾಗಿ ಹೊಲದಲ್ಲಿ ದುಡಿದ ಅಜ್ಜನ ಕೈ ಹಾಗಿರುತ್ತದೆ. ಅಂಥ ಮರವನ್ನು ಬಂಡೆಯಿಂದ ಕೀಳದೆ, ಮನೆಯಲ್ಲೇ ಬೀಜದಿಂದ ಕಟ್ಟುವ ಕೆಲಸ ಇದು.

ಪೈನ್‌ನಲ್ಲಿ ವಿಶೇಷ ಏನೆಂದರೆ ಅದು ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ. ಎಳೆಯ ಮರದ ತೊಗಟೆ ನುಣುಪು, ಹಳೆಯದರದ್ದು ಒಣಗಿದ ಕೆರೆಯ ಅಂಗಳದ ಹಾಗೆ ಬಿರಿದಿರುತ್ತದೆ. ಎಳೆಯದರ ಕೊಂಬೆ ಮೇಲಕ್ಕೆ ಚಾಚುತ್ತದೆ, ಹಳೆಯದರ ಕೊಂಬೆ ಕೆಳಕ್ಕೆ ಬಾಗುತ್ತದೆ. ಬೆಟ್ಟದಲ್ಲಿ ಹಾಗೆ ಬಾಗಿಸುವುದು ಅದರ ಸ್ವಂತ ತೂಕ, ಅದರ ಮೇಲೆ ವರ್ಷ ವರ್ಷ ಬಿದ್ದ ಹಿಮ. ಬೆಂಗಳೂರಿನಲ್ಲಿ ಹಿಮ ಎಲ್ಲಿಂದ ತರುವುದು? ಆ ಕೆಲಸ ನನ್ನ ಕೈ ಮತ್ತು ಒಂದು ತುಂಡು ತಂತಿ ಮಾಡಬೇಕು. ಕೊಂಬೆಯನ್ನು ಒಂದು ಬೆರಳಗಲ ಕೆಳಗೆ ಇಳಿಸಿದ ಕ್ಷಣ ಹತ್ತು ವರ್ಷದ ಗಿಡ ಐವತ್ತು ವರ್ಷದ ಮರವಾಗಿ ಕಾಣುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು, ಖಾಲಿ ಜಾಗ. ಕೊಂಬೆ ಕೊಂಬೆಯ ನಡುವೆ ಹಕ್ಕಿ ಹಾರಿಹೋಗುವಷ್ಟು ಜಾಗ ಬಿಡಬೇಕು ಅಂತ ಈ ಕಲೆಯಲ್ಲಿ ಹಳೆಯ ಮಾತಿದೆ. ಹೊಸಬರು ಹಸಿರು ತುಂಬಿಸಲು ನೋಡುತ್ತಾರೆ. ಪೈನ್‌ನ ಅಂದ ಇರುವುದು ತೆಗೆದದ್ದರಲ್ಲಿ.

ಈ ಕಲೆ ಜಪಾನಿನದೋ, ಚೀನಾದ್ದೋ?

ಬೇರು ಚೀನಾದ್ದು, ಇವತ್ತು ನಾವು ನೋಡುವ ರೂಪ ಜಪಾನಿನದು. ಕ್ರಿ.ಶ. 706ರ ಹೊತ್ತಿನ ಒಬ್ಬ ಚೀನೀ ರಾಜಕುಮಾರನ ಸಮಾಧಿಯ ಗೋಡೆಚಿತ್ರದಲ್ಲಿ, ಪುಟ್ಟ ಗಿಡ ಕಲ್ಲು ಇಟ್ಟ ತಟ್ಟೆ ಹಿಡಿದ ಸೇವಕರು ಇದ್ದಾರೆ. ಅದು ಜಪಾನಿಗೆ ಹೋಗಿ ಬೋನ್ಸಾಯ್ ಆಯಿತು. "ಬೋನ್" ಅಂದರೆ ತಟ್ಟೆಯಂಥ ಕುಂಡ, "ಸಾಯ್" ಅಂದರೆ ನೆಡುವುದು. 1923ರ ದೊಡ್ಡ ಭೂಕಂಪದ ನಂತರ ಟೋಕಿಯೊದ ಬೆಳೆಗಾರರು ಊರ ಹೊರಗೆ ಹೋಗಿ, 1925ರಲ್ಲಿ ಒಮಿಯಾದಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿದರು. ಅದು ಈಗಲೂ ಇದೆ.

ಪೈನ್ ಬೋನ್ಸಾಯ್ ಅಂದರೆ ನಾನು ಮೊದಲು ಹೇಳುವುದು ಹಿರೋಷಿಮಾದ ಬಿಳಿ ಪೈನ್ ಕತೆ. 1625ರಿಂದ ಕುಂಡದಲ್ಲಿ ಪಳಗಿದ ಮರ. ಯಾಮಾಕಿ ಮನೆತನದವರು ತಲೆಮಾರುಗಳಿಂದ ನೋಡಿಕೊಂಡು ಬಂದಿದ್ದರು. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿತ್ತು. ಅಂಗಳದ ಗೋಡೆಯ ಮರೆಯಲ್ಲಿ ಇದ್ದದ್ದರಿಂದ ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಆ ಮರವನ್ನು ಬಾಂಬ್ ಹಾಕಿದ ಅಮೆರಿಕಕ್ಕೇ ಕೊಡುಗೆಯಾಗಿ ಕೊಟ್ಟರು. ಅದು ಎಲ್ಲಿತ್ತು, ಏನು ಕಂಡಿತ್ತು ಅನ್ನುವುದು ಅಲ್ಲಿ ಎಲ್ಲರಿಗೂ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ವಾಷಿಂಗ್ಟನ್‌ಗೆ ಮರ ನೋಡಲು ಹೋದಾಗ. ಇಪ್ಪತ್ತೈದು ವರ್ಷ ಆ ಮರ ಏನೂ ಹೇಳದೆ ನಿಂತಿತ್ತು.

ನರ್ಸರಿಯಲ್ಲಿ "ಪೈನ್ ಬೋನ್ಸಾಯ್" ಅಂತ ಕೊಟ್ಟರು. ಹೌದೋ ಅಲ್ಲವೋ ಗೊತ್ತಾಗುವುದು ಹೇಗೆ?

ಒಂದು ಸೂಜಿ ಎಲೆ ಕಿತ್ತು ನೋಡಿ. ಪೈನ್‌ನ ಸೂಜಿಗಳು ಒಂಟಿಯಾಗಿ ಬರುವುದಿಲ್ಲ, ಗೊಂಚಲಾಗಿ ಬರುತ್ತವೆ. ಕಪ್ಪು ಪೈನ್‌ಗೆ ಗೊಂಚಲಿಗೆ ಎರಡು. ಹಿಮಾಲಯದ ಚೀರ್ ಪೈನ್‌ಗೆ ಮೂರು. ಬಿಳಿ ಪೈನ್‌ಗೆ ಐದು.

ನಮ್ಮಲ್ಲಿ ಪೈನ್ ಅಂತ ಜಾಸ್ತಿ ಮಾರುವುದು ಜುನಿಪರ್. ಅದರ ಎಲೆ ಮೀನಿನ ಪೊರೆಯ ಹಾಗೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ಅಥವಾ ಚಿಕ್ಕ ಮುಳ್ಳಿನ ಹಾಗೆ ಚುಚ್ಚುತ್ತದೆ. ಕ್ರಿಸ್‌ಮಸ್ ಟ್ರೀ ಅಂತ ಕೊಡುವ ಅರೌಕೇರಿಯಾ ಕೂಡ ಪೈನ್ ಅಲ್ಲ. ಇನ್ನು ಸರ್ವೆ ಮರ. ಚಿಕ್ಕವರಿದ್ದಾಗ ಅದರ ಸೂಜಿಯನ್ನು ಗೆಣ್ಣಿನಲ್ಲಿ ಮುರಿದು, ಮತ್ತೆ ಜೋಡಿಸಿ, "ಎಲ್ಲಿ ಮುರಿದಿದೆ ಹೇಳು" ಅಂತ ಆಡುತ್ತಿದ್ದೆವಲ್ಲ, ಅದೇ. ಗೆಣ್ಣು ಬಿಚ್ಚಿಕೊಂಡರೆ ಸರ್ವೆ. ಪೈನ್‌ಗೆ ಗೆಣ್ಣಿಲ್ಲ.

ಸರ್ವೆ ಸಿಕ್ಕಿದ್ದರೆ ಬೇಸರ ಬೇಡ. ಈ ಊರಿನ ಹವೆಗೆ ಅದು ಪೈನ್‌ಗಿಂತ ಸುಲಭವಾಗಿ ಒಗ್ಗುತ್ತದೆ, ನೋಟವೂ ಹತ್ತಿರ ಬರುತ್ತದೆ. ಮೊದಲ ಸಲ ಕತ್ತರಿ ಹಿಡಿಯುವವರಿಗೆ ನಾನು ಅದನ್ನೇ ಹೇಳುವುದು.

ಬೆಂಗಳೂರಿನಲ್ಲಿ ಪೈನ್ ಬದುಕುತ್ತದಾ?

ಜಾತಿ ನೋಡಿ ಆರಿಸಿದರೆ ಬದುಕುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾತ್ರಿ ತಂಪಾಗುತ್ತದೆ, ಅದು ಪೈನ್‌ಗೆ ದೊಡ್ಡ ಉಪಕಾರ. ಆದರೆ ನಿಜವಾದ ಚಳಿಗಾಲ ನಮ್ಮಲ್ಲಿ ಇಲ್ಲ.

ಬಿಳಿ ಪೈನ್‌ನ ಸುದ್ದಿಗೆ ಹೋಗಬೇಡಿ. ಅದು ಚಳಿ ಬೇಡುವ ಬೆಟ್ಟದ ಮರ. ಇಲ್ಲಿ ನಿಧಾನವಾಗಿ ಸೊರಗುತ್ತದೆ, ನೋಡಲು ಸಂಕಟ. ಕಪ್ಪು ಪೈನ್ ಜಪಾನಿನ ಕಡಲತೀರದ್ದು, ಗಾಳಿ ಬಿಸಿಲು ಎರಡೂ ಗೊತ್ತು. ನನ್ನ ಹನ್ನೊಂದರಲ್ಲಿ ಏಳು ಅದೇ. ಚೀರ್ ಪೈನ್ ಹಿಮಾಲಯದ ತಪ್ಪಲಿನ ಬಿಸಿಲಿಗೆ ಒಗ್ಗಿದ ಮರ, ಗಟ್ಟಿ ಜೀವ. ತೊಂದರೆ ಅದರ ಸೂಜಿ ಉದ್ದ. ಕಾಡಿನಲ್ಲಿ ಒಂದು ಗೇಣು ದಾಟುತ್ತದೆ. ಎಷ್ಟು ಪಳಗಿಸಿದರೂ ಅಂಗೈ ಅಗಲದ ಮರಕ್ಕೆ ಆ ಸೂಜಿ ಹೊಂದುವುದಿಲ್ಲ. ಎರಡು ಅಡಿ ಎತ್ತರದ ಮರ ಮಾಡುವುದಾದರೆ ಚೆನ್ನಾಗಿರುತ್ತದೆ.

ಹೊರದೇಶದಿಂದ ಬರುವಾಗ ಸೂಟ್‌ಕೇಸ್‌ನಲ್ಲಿ ಗಿಡ ತರಬಹುದಾ ಅಂತಲೂ ಕೇಳುತ್ತಾರೆ. ಬೇಡ. ಆಮದು ಪರವಾನಗಿ, ಗಿಡಕ್ಕೆ ರೋಗವಿಲ್ಲ ಅನ್ನುವ ಪತ್ರ ಎರಡೂ ಬೇಕು. ಒಂದು ಹುಳ ಒಳಗೆ ಬಂದರೆ ಕಷ್ಟ ಆಗುವುದು ರೈತರಿಗೆ.

ಹಾಲ್‌ನಲ್ಲಿ ಟೀವಿ ಪಕ್ಕ ಇಡಬಹುದಾ?

ಒಂದು ದಿನ ಇಡಿ. ನೆಂಟರು ಬಂದಾಗ ಇಡಿ. ಸಂಜೆ ವಾಪಸ್ ಬಿಸಿಲಿಗೆ ಒಯ್ಯಿರಿ.

ನನ್ನ ಮೊದಲ ಪೈನ್ ಸತ್ತದ್ದು ಹಾಲ್‌ನಲ್ಲೇ. ತಂದ ನರ್ಸರಿಯವರು "ಒಳಗೇ ಇಡಿ ಸಾರ್, ಏನೂ ಆಗಲ್ಲ" ಅಂದಿದ್ದರು. ನಾನು ಕಿಟಕಿ ಪಕ್ಕ ಇಟ್ಟು ದಿನಾ ನೀರು ಹಾಕಿದೆ. ಎರಡು ತಿಂಗಳು ಹಸಿರಾಗೇ ಇತ್ತು. ಆಮೇಲೆ ಒಂದು ವಾರದಲ್ಲಿ ಪೂರ್ತಿ ಕಂದು. ಬೇರು ಬಿಡಿಸಿ ನೋಡಿದರೆ ಕೊಳೆತು ಎಷ್ಟೋ ದಿನ ಆಗಿತ್ತು. ಪೈನ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿರುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಈಗ ನಾನು ಸೂಜಿಯ ಬಣ್ಣ ನಂಬುವುದಿಲ್ಲ. ತುದಿಯ ಮೊಗ್ಗು ನೋಡುತ್ತೇನೆ. ಮೊಗ್ಗು ಉಬ್ಬಿದ್ದರೆ ಮರ ಜೀವಂತ.

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಪೂರ್ವದ ಬಾಲ್ಕನಿ ಒಳ್ಳೆಯದು. ತಾರಸಿಯಾದರೆ ಕುಂಡವನ್ನು ಕಾಂಕ್ರೀಟ್ ಮೇಲೆ ಇಡಬೇಡಿ, ಏಪ್ರಿಲ್‌ನಲ್ಲಿ ಅದು ಕಾದ ಹೆಂಚು. ಎರಡು ಇಟ್ಟಿಗೆ, ಮೇಲೊಂದು ಹಲಗೆ ಸಾಕು, ಅಡಿಯಲ್ಲಿ ಗಾಳಿ ಆಡುತ್ತದೆ.

ಎಷ್ಟು ನೀರು? ಯಾವ ನೀರು?

"ದಿನಕ್ಕೆ ಎಷ್ಟು ಸಲ" ಅನ್ನುವ ಲೆಕ್ಕ ಇಲ್ಲ. ಉರಿದು ಮುಗಿದ ಊದುಬತ್ತಿಯ ಕಡ್ಡಿ ತೊಳೆದು ಮಣ್ಣಿಗೆ ಚುಚ್ಚಿಡಿ. ತೆಗೆದು ನೋಡಿದಾಗ ಮೇಲಿನ ಅರ್ಧ ಒಣಗಿದ್ದರೆ ನೀರು ಹಾಕಿ, ಒದ್ದೆ ಇದ್ದರೆ ಬಿಡಿ. ಹಾಕಿದಾಗ ಅಡಿಯ ತೂತಿನಿಂದ ಹರಿಯುವ ತನಕ ಹಾಕಿ. ಪುಟ್ಟ ಕುಂಡ ಬೇಗ ಒಣಗುತ್ತದೆ. ಮಾರ್ಚ್‌ನಿಂದ ಮೇ ತನಕ ನನ್ನ ಕಾಫಿ ಲೋಟದ ಮರಕ್ಕೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬೇಕು. ಅದನ್ನು ಒದ್ದೆ ಮರಳಿನ ತಟ್ಟೆಯಲ್ಲಿ ಕೂರಿಸುತ್ತೇನೆ. ಮಳೆಗಾಲದಲ್ಲಿ ಕಷ್ಟ ತಿರುಗುಮುರುಗು. ಜಡಿಮಳೆ ನಾಲ್ಕು ದಿನ ಹಿಡಿದರೆ ಕುಂಡವನ್ನು ಒಂದು ಕಡೆ ಎತ್ತಿ ಓರೆಯಾಗಿ ಇಡಿ, ನೀರು ಇಳಿದುಹೋಗುತ್ತದೆ.

ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಕುಂಡದ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಅದೇ. ಪೈನ್‌ಗೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಸುಣ್ಣ ಆಗದು. ಫಿಲ್ಟರ್‌ನಿಂದ ಹೊರಗೆ ಹೋಗುವ ನೀರು ಇನ್ನೂ ಕೆಟ್ಟದ್ದು, ಉಪ್ಪು ಅದರಲ್ಲೇ ಸೇರಿಕೊಂಡಿರುತ್ತದೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು ಅಂತ 5,000 ರೂಪಾಯಿ ದಂಡ ಇಟ್ಟಿತ್ತು. ಆ ವರ್ಷವೇ ನಾನು ತಾರಸಿಯ ಪೈಪಿಗೆ ಒಂದು ಡ್ರಮ್ ಕೂರಿಸಿದೆ. ಹನ್ನೊಂದು ಪುಟ್ಟ ಕುಂಡಕ್ಕೆ ದಿನಕ್ಕೆ ಒಂದು ಬಕೆಟ್ ಕೂಡ ಬೇಕಾಗುವುದಿಲ್ಲ.

ಮಣ್ಣು?

ತೋಟದ ಕೆಂಪು ಮಣ್ಣು ಬೇಡ, ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಜಪಾನಿನವರು ಅಕಡಾಮಾ ಅನ್ನುವ ಕಾಳುಮಣ್ಣು ಬಳಸುತ್ತಾರೆ. ನಾನು ಬಳಸುವುದು ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಎಲೆಗೊಬ್ಬರ. ಚೂರು ಕಡಲೆಬೇಳೆ ಗಾತ್ರದಲ್ಲಿ ಇರಲಿ, ಪುಡಿಯನ್ನು ಜರಡಿ ಹಿಡಿದು ಪೂರ್ತಿ ತೆಗೆಯಿರಿ. ಕಟ್ಟಡ ಒಡೆದ ಇಟ್ಟಿಗೆ ತರಬೇಡಿ, ಅದರಲ್ಲಿ ಸಿಮೆಂಟ್ ಅಂಟಿರುತ್ತದೆ.

ಬೇರಿನಲ್ಲಿ ಬಿಳಿ ಬೂಷ್ಟು ಕಂಡರೆ ಹೆದರಿ ತೊಳೆಯಬೇಡಿ. ಅದು ಪೈನ್‌ನ ಗೆಳೆಯ. ಆ ಶಿಲೀಂಧ್ರ ಬೇರಿಗೆ ನೀರು, ಪೋಷಕಾಂಶ ಎಳೆದುಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಕುಂಡ ಬದಲಿಸುವಾಗ ಹಳೆಯ ಮಣ್ಣು ಒಂದು ಹಿಡಿ ಹೊಸದಕ್ಕೆ ಸೇರಿಸಿ.

ಅಷ್ಟು ಚಿಕ್ಕ ಸೂಜಿ ಹೇಗೆ ಬರುತ್ತದೆ? ನಮ್ಮ ಗಿಡದಲ್ಲಿ ಉದ್ದುದ್ದ ಬರುತ್ತಿದೆ.

ಪೈನ್ ಕಲೆಯ ಜೀವಾಳ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಕೊಂಬೆಯ ತುದಿಯಲ್ಲಿ ಮೊದಲು ಬರುವ ಚಿಗುರು ಮೇಣದಬತ್ತಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ಕ್ಯಾಂಡಲ್ ಅಂತಲೇ ಕರೆಯುತ್ತೇವೆ. ಹಾಗೇ ಬಿಟ್ಟರೆ ಅದು ಇಡೀ ವರ್ಷದ ಶಕ್ತಿ ತೆಗೆದುಕೊಂಡು ಉದ್ದ ಸೂಜಿ ಬಿಡುತ್ತದೆ. ಕಪ್ಪು ಪೈನ್‌ನಲ್ಲಿ ಈ ಕ್ಯಾಂಡಲ್ ಬಲಿತ ಮೇಲೆ ಬುಡಕ್ಕೆ ಕತ್ತರಿಸಿದರೆ, ಕೆಲವು ವಾರದಲ್ಲಿ ಅದೇ ಜಾಗದಲ್ಲಿ ಎರಡೋ ಮೂರೋ ಹೊಸ ಮೊಗ್ಗು ಒಡೆಯುತ್ತವೆ. ಇವಕ್ಕೆ ಬೆಳೆಯಲು ಉಳಿದಿರುವ ಕಾಲ ಕಡಿಮೆ. ಅದಕ್ಕೇ ಸೂಜಿ ಗಿಡ್ಡ, ಕೊಂಬೆಯೂ ಕವಲೊಡೆಯುತ್ತದೆ. ಎಷ್ಟು ತಡವಾಗಿ ಕತ್ತರಿಸುತ್ತೀರೋ ಸೂಜಿ ಅಷ್ಟು ಗಿಡ್ಡ. ಚಿಕ್ಕ ಮರಕ್ಕೆ ತಡವಾಗಿ, ದೊಡ್ಡ ಮರಕ್ಕೆ ಬೇಗ.

ಜಪಾನಿನಲ್ಲಿ ಈ ಕೆಲಸ ಜೂನ್, ಜುಲೈನಲ್ಲಿ. ಅಲ್ಲಿನ ಕ್ಯಾಲೆಂಡರ್ ಹಿಡಿದು ನಾನು ಮೂರು ವರ್ಷ ಕೈ ಸುಟ್ಟುಕೊಂಡೆ. ನಮ್ಮಲ್ಲಿ ಚಳಿ ತಡವಾಗಿ, ಅದೂ ಸುಮಾರಾಗಿ ಬರುತ್ತದೆ. ಜೂನ್‌ನಲ್ಲಿ ಕತ್ತರಿಸಿದರೆ ಎರಡನೆಯ ಚಿಗುರಿಗೂ ಬೇಕಾದಷ್ಟು ಸಮಯ ಸಿಕ್ಕಿ ಸೂಜಿ ಮತ್ತೆ ಉದ್ದ ಆಗುತ್ತದೆ. ಈಗ ನಾನು ಜುಲೈ ಕೊನೆಗೆ, ಕೆಲವಕ್ಕೆ ಆಗಸ್ಟ್ ಮೊದಲ ವಾರಕ್ಕೆ ಕತ್ತರಿ ಹಿಡಿಯುತ್ತೇನೆ. ಲಾಲ್‌ಬಾಗ್‌ನ ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನ ಬರುವ ಹೊತ್ತಿಗೆ ಮುಗಿಸಿರುತ್ತೇನೆ.

ಸೊರಗಿದ ಮರಕ್ಕೆ ಈ ಕೆಲಸ ಬೇಡವೇ ಬೇಡ. ಫೆಬ್ರವರಿಯಿಂದ ಚೆನ್ನಾಗಿ ಉಣ್ಣಿಸಿ, ಮರ ಕೊಬ್ಬಿರಬೇಕು. ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿ, ಸ್ವಲ್ಪ ಮೂಳೆಪುಡಿ ಸೇರಿಸಿ ಗೋಲಿಯಷ್ಟು ಉಂಡೆ ಕಟ್ಟಿ ಮಣ್ಣಿನ ಮೇಲೆ ಇಡಿ. ಕ್ಯಾಂಡಲ್ ಕತ್ತರಿಸುವಾಗ ಆ ಉಂಡೆಗಳನ್ನು ತೆಗೆದುಬಿಡಿ. ಹೊಸ ಸೂಜಿ ಬಲಿತ ಮೇಲೆ ಮತ್ತೆ ಇಡಿ.

ತಂತಿ ಸುತ್ತುವುದು ಯಾವಾಗ, ಎಂಥ ತಂತಿ?

ನವೆಂಬರ್‌ನಿಂದ ಜನವರಿ, ಮರ ಸ್ವಲ್ಪ ತಣ್ಣಗಿರುವಾಗ. ಮೆತ್ತನೆಯ ಅಲ್ಯೂಮಿನಿಯಂ ತಂತಿ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ತಂತಿಯ ದಪ್ಪ, ಕೊಂಬೆಯ ದಪ್ಪದ ಮೂರರಲ್ಲಿ ಒಂದು ಭಾಗ ಇರಲಿ. ಓರೆಯಾಗಿ, ಒಂದೇ ಅಂತರದಲ್ಲಿ ಸುತ್ತಿ. ಸೂಜಿ ತಂತಿಯ ಅಡಿ ಸಿಕ್ಕಬಾರದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವ ಗಾದೆ ಪೈನ್‌ಗೆ ಮುಕ್ಕಾಲು ಪಾಲು ನಿಜ. ಪೆನ್ಸಿಲ್ ದಪ್ಪದ ಕಾಂಡ ಹೇಳಿದ ಹಾಗೆ ಕೇಳುತ್ತದೆ. ಹೆಬ್ಬೆರಳು ದಪ್ಪ ಆದ ಮೇಲೆ ನೆನೆಸಿದ ಬಟ್ಟೆಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ತಂತಿ ಹಾಕಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ಬಗ್ಗಿಸುವಾಗ ಕಿವಿ ಕೊಡಿ. ಚಿಟ್ ಅಂತ ಸಣ್ಣ ಸದ್ದು ಬಂದರೆ ಅಲ್ಲೇ ನಿಲ್ಲಿಸಿ.

ಈ ಊರಿನಲ್ಲಿ ಮರ ಬೇಗ ದಪ್ಪ ಆಗುತ್ತದೆ. ಮೂರು ತಿಂಗಳಿಗೇ ತಂತಿ ತೊಗಟೆಗೆ ಇಳಿಯಬಹುದು. ವಾರಕ್ಕೊಮ್ಮೆ ನೋಡಿ. ತೆಗೆಯುವಾಗ ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ. ಎರಡನೆಯ ಸಲ ಬಳಸುವ ಆಸೆಗೆ ಬಿಚ್ಚಲು ಹೋಗಿ ಎಷ್ಟು ಕೊಂಬೆ ಮುರಿದಿವೆಯೋ.

ಕುಂಡ ಬದಲಿಸುವುದು?

ಎಳೆಯದಕ್ಕೆ ಎರಡು ಮೂರು ವರ್ಷಕ್ಕೆ, ಹಳೆಯದಕ್ಕೆ ನಾಲ್ಕೈದು ವರ್ಷಕ್ಕೆ. ಜನವರಿ ಕೊನೆ, ಕ್ಯಾಂಡಲ್ ಉದ್ದ ಆಗುವ ಮೊದಲು. ಬೇರಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಮರವನ್ನು ಕುಂಡಕ್ಕೆ ತಂತಿಯಿಂದ ಕಟ್ಟಿ, ಅಲುಗಾಡಿದರೆ ಹೊಸ ಬೇರು ಹರಿಯುತ್ತದೆ. ಮೂರು ವಾರ ಅರೆನೆರಳು. ಮಣ್ಣಿನ ಸಾದಾ ಕುಂಡ ಸಾಕು ಅನ್ನುವವರು ಪಾಟರಿ ಟೌನ್‌ನ ಕುಂಬಾರರನ್ನು ಕೇಳಿ ನೋಡಿ. ಅಡಿಯಲ್ಲಿ ಎರಡು ದೊಡ್ಡ ತೂತು ಬೇಕು ಅಂತ ಮೊದಲೇ ಹೇಳಿ.

ಸೂಜಿಯ ಮೇಲೆ ಹಳದಿ ಚುಕ್ಕೆ, ಸಣ್ಣ ಬಲೆ ಕಾಣುತ್ತಿದೆ.

ಜೇಡನುಸಿ. ಬೇಸಿಗೆಯ ಒಣ ಗಾಳಿಗೆ ಬರುತ್ತದೆ. ಮರವನ್ನು ಓರೆ ಮಾಡಿ ಪೈಪಿನ ನೀರಿನಿಂದ ಜೋರಾಗಿ ತೊಳೆಯಿರಿ. ಸಂಜೆ ಹೊತ್ತು ಬೇವಿನೆಣ್ಣೆಯನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಸೋಪು ಸೇರಿಸಿ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ಒಳಗಿನ ಹಳೆಯ ಸೂಜಿಗಳು ಹಳದಿಯಾಗಿ ಉದುರುವುದು ಮಾತ್ರ ರೋಗ ಅಲ್ಲ, ಅವುಗಳ ಕಾಲ ಮುಗಿದಿರುತ್ತದೆ.

ಕುಳ್ಳ ಮರ ಮನೆಯಲ್ಲಿದ್ದರೆ ಏಳಿಗೆ ಆಗುವುದಿಲ್ಲ ಅಂತಾರಲ್ಲ?

ನಮ್ಮ ಅತ್ತೆಯೂ ಹಾಗೇ ಅಂದಿದ್ದರು. ಅವರ ಮಾತಿಗೆ ಮರ್ಯಾದೆ ಕೊಟ್ಟು ಎಲ್ಲವನ್ನೂ ತಾರಸಿಗೆ ಸಾಗಿಸಿದೆ. ಪೈನ್ ಇರಬೇಕಾದದ್ದೂ ಅಲ್ಲೇ. ಈಗ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಬಂದವರು ಪೈನ್ ಕಡ್ಡಿಯನ್ನೂ ತೆಗೆದು ನೋಡಿ ಹೋಗುತ್ತಾರೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ದೊಡ್ಡ ಬೋನ್ಸಾಯ್ ವನವೇ ಇದೆ. ಮನಸ್ಸಿಗೆ ಅಳುಕು ಇರುವವರು ಒಮ್ಮೆ ಹೋಗಿ ಬನ್ನಿ.

ಇಷ್ಟು ಪುಟ್ಟ ಗಿಡಕ್ಕೆ ಅಷ್ಟೊಂದು ಬೆಲೆ ಯಾಕೆ?

ಬೀಜದಿಂದ ಹಿಡಿದು ಮರ ಅನ್ನಿಸುವ ಹಂತಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕು. ಅಷ್ಟು ವರ್ಷ ಯಾರೋ ಒಬ್ಬರು ಒಂದು ದಿನವೂ ನೀರು ತಪ್ಪಿಸಿಲ್ಲ. ಬೆಲೆ ಅದಕ್ಕೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಎರಡು ವರ್ಷದ ಸಸಿ ತನ್ನಿ, ವರ್ಷಗಳನ್ನು ನೀವೇ ಹಾಕಿ. ನಾನು ಹಾಗೇ ಶುರು ಮಾಡಿದ್ದು.

ಕೊಳ್ಳುವ ಮೊದಲು ಎಲ್ಲಿ ನೋಡಬಹುದು?

ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ತೋಟ ಇದೆ. ಪೈನ್ ಹುಡುಕಬೇಡಿ, ಆಲ ಅತ್ತಿಗಳ ಬೇರು ನೋಡಿ ಕಲಿಯಿರಿ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಗಳಲ್ಲಿ ಮನೆಗಳಲ್ಲಿ ಬೆಳೆಸಿದ ಬೋನ್ಸಾಯ್‌ಗಳೂ ಬರುತ್ತವೆ. ವಾರದ ದಿನ ಬೆಳಿಗ್ಗೆ ಹೋಗಿ, ಭಾನುವಾರ ನೂಕುನುಗ್ಗಲಿನಲ್ಲಿ ಕುಳಿತು ನೋಡಲು ಆಗುವುದಿಲ್ಲ.

ಊರಿಗೆ ಹೋಗುವಾಗ ಏನು ಮಾಡುವುದು?

ಎರಡು ದಿನಕ್ಕಾದರೆ ಕುಂಡಗಳನ್ನು ನೆರಳಿಗೆ ತಂದು, ಅಗಲ ಟಬ್‌ನಲ್ಲಿ ಒದ್ದೆ ಮರಳು ಹಾಕಿ ಕೂರಿಸಿ ಹೋಗಿ. ಅದಕ್ಕಿಂತ ಜಾಸ್ತಿ ಆದರೆ ಮನುಷ್ಯರೇ ಬೇಕು. ನಾವು ಹಬ್ಬಕ್ಕೆ ಹಾಸನಕ್ಕೆ ಹೋದಾಗ ಕೆಳಗಿನ ಮನೆಯ ಆಂಟಿಗೆ ಕೀಲಿ ಕೊಟ್ಟು ಹೋಗುತ್ತೇವೆ. "ದಿನಾ ಹಾಕಿ" ಅಂತ ಹೇಳುವುದಿಲ್ಲ. ಕಡ್ಡಿ ತೆಗೆದು ನೋಡುವುದನ್ನು ತೋರಿಸಿಕೊಟ್ಟಿದ್ದೇನೆ. ಹೋಗುವ ಒಂದು ವಾರ ಮೊದಲೇ ಕರೆದು, ನಿಮ್ಮ ಎದುರಿಗೆ ಎರಡು ಸಲ ಅವರ ಕೈಯಲ್ಲೇ ನೀರು ಹಾಕಿಸಿ.